ಅತಿ ಹಳೆಯ ಟಾರ್ಟಾನ್: ತಜ್ಞರು ಹೇಳಿದ್ದೇನು, ಹೆಡ್‌ಲೈನ್ ಆಗಿದ್ದೇನು?

[ತೆರೆಯ ಮೇಲೆ: ಮಾಸಿದ ಚೌಕಳಿ ಬಟ್ಟೆಯ ತುಂಡು]

ನಮಸ್ಕಾರ. ಈ ಬಟ್ಟೆ ನೋಡಿ. ಸುಮಾರು 55 ಸೆಂಟಿಮೀಟರ್ ಉದ್ದ, 43 ಅಗಲ. ಕೈ ಒರೆಸೋ ಟವೆಲ್‌ನಷ್ಟು. ಸ್ಕಾಟ್ಲೆಂಡಿನ ಗ್ಲೆನ್ ಆಫ್ರಿಕ್ ಕಣಿವೆಯ ಜೌಗು ನೆಲದಲ್ಲಿ ಸುಮಾರು ನಲವತ್ತು ವರ್ಷದ ಹಿಂದೆ ಸಿಕ್ಕಿದ್ದು. 2023ರಲ್ಲಿ ಇದು ದೊಡ್ಡ ಸುದ್ದಿಯಾಯಿತು: "ಸ್ಕಾಟ್ಲೆಂಡಿನ ಅತಿ ಹಳೆಯ ಟಾರ್ಟಾನ್!" ಟಾರ್ಟಾನ್ ಅಂದರೆ ಸ್ಕಾಟ್ಲೆಂಡಿನ ಚೌಕಳಿ ಉಣ್ಣೆಬಟ್ಟೆ.

ಆದರೆ ಸ್ಕಾಟ್ಲೆಂಡಿನದೇ ಫಾಲ್ಕರ್ಕ್‌ನಲ್ಲಿ ಬೆಳ್ಳಿ ನಾಣ್ಯದ ಮಡಕೆಯ ಜೊತೆ ಸಿಕ್ಕ ಚೌಕಳಿ ಬಟ್ಟೆ 3ನೇ ಶತಮಾನದ್ದು. ಇದಕ್ಕಿಂತ ಸಾವಿರ ವರ್ಷಕ್ಕೂ ಜಾಸ್ತಿ ಹಳೇದು. ಹಾಗಾದರೆ ಸುದ್ದಿ ಸುಳ್ಳಾ?

ಸುಳ್ಳಲ್ಲ. ಹೆಡ್‌ಲೈನಿನಲ್ಲಿ ಒಂದೆರಡು ಪದ ಉದುರಿಹೋಗಿವೆ, ಅಷ್ಟೇ. ತಜ್ಞರು ಹೇಳಿದ್ದು "ಈವರೆಗೆ ತಿಳಿದಿರುವ ಅತಿ ಹಳೆಯ, ನಿಜವಾದ ಟಾರ್ಟಾನ್" ಅಂತ. ಫಾಲ್ಕರ್ಕ್ ಬಟ್ಟೆಯಲ್ಲಿರೋದು ಬಣ್ಣ ಹಾಕದ ಉಣ್ಣೆ, ಕುರಿಯ ಮೈಬಣ್ಣವೇ. ಗ್ಲೆನ್ ಆಫ್ರಿಕ್‌ನದು ಬಣ್ಣ ಕಟ್ಟಿದ ನೂಲು, ಹಾಸಿನಲ್ಲೂ ಹೊಕ್ಕಿನಲ್ಲೂ ಹಲವು ಬಣ್ಣದ ಪಟ್ಟೆ. "ನಿಜವಾದ" ಅನ್ನೋ ಪದ ತೆಗೆದರೆ ಈ ವ್ಯತ್ಯಾಸವೇ ಮಾಯ.

ಕಾಲದ ವಿಷಯವೂ ಹಾಗೇ. ಮೊದಲು ಬಣ್ಣದ ಪರೀಕ್ಷೆ ಆಯಿತು, ಕೃತಕ ಬಣ್ಣ ಸಿಗಲಿಲ್ಲ, ಅಂದರೆ ಅವು ಬರುವ ಮೊದಲಿನದ್ದು. ಆಮೇಲೆ ಕಾರ್ಬನ್ ಪರೀಕ್ಷೆ. ಅದು ಒಂದೇ ಇಸವಿ ಕೊಡೋದಿಲ್ಲ, ಅವಧಿ ಕೊಡುತ್ತೆ: 1500ರಿಂದ 1655. ಅದರಲ್ಲೂ 1600ರ ಒಳಗಿನದ್ದಾಗಿರುವ ಸಾಧ್ಯತೆ ಹೆಚ್ಚು. ವರದಿಯಲ್ಲಿ ಎರಡೂ ಅಂಕಿ ಬರಬೇಕು.

[ತೆರೆಯ ಮೇಲೆ: ಗ್ಲೆನ್ ಆಫ್ರಿಕ್ ನಕ್ಷೆ]

ನನಗೆ ತುಂಬಾ ಇಷ್ಟವಾದ ಭಾಗ ಇದು. ಟಾರ್ಟಾನ್ ಅಂದ ತಕ್ಷಣ ಬರೋ ಪ್ರಶ್ನೆ, "ಯಾವ ಕುಲದ್ದು?" ಆ ಕಣಿವೆ ಚಿಶಮ್ ಕುಲದವರ ಹಿಡಿತದಲ್ಲಿತ್ತು. ಒಳ್ಳೆ ಕಥೆ ಆಗ್ತಿತ್ತು, ಅಲ್ವಾ? ಸ್ಕಾಟಿಷ್ ಟಾರ್ಟಾನ್ಸ್ ಅಥಾರಿಟಿಯ ಪೀಟರ್ ಮ್ಯಾಕ್‌ಡೊನಾಲ್ಡ್ ಒಪ್ಪಲಿಲ್ಲ. ಬಟ್ಟೆ ಯಾರದ್ದು ಅಂತ ಗೊತ್ತಿಲ್ಲದೆ ಅವರದೇ ಅನ್ನೋಕೆ ಆಗಲ್ಲ ಅಂದರು. ರಾಜಮನೆತನದ್ದೂ ಅಲ್ಲ, ಬಹುಶಃ ಹೊರಗೆ ದುಡಿಯುವವರು ಹಾಕಿಕೊಂಡಿದ್ದು ಅನ್ನೋದು ಅವರ ಅಂದಾಜು. ಕುಲಕ್ಕೊಂದು ಟಾರ್ಟಾನ್ ಅನ್ನೋ ಪದ್ಧತಿ ಗಟ್ಟಿಯಾಗಿದ್ದೇ 19ನೇ ಶತಮಾನದಲ್ಲಿ. ಲಂಡನ್ನಿನ ಹೈಲ್ಯಾಂಡ್ ಸೊಸೈಟಿ ಕುಲದ ಮುಖ್ಯಸ್ಥರಿಂದ ಮಾದರಿ ಕೇಳಿದ್ದು 1815ರಲ್ಲಿ. ಆಗ ಕೆಲವರಿಗೆ ತಮ್ಮ ಟಾರ್ಟಾನ್ ಯಾವುದು ಅಂತಲೇ ಗೊತ್ತಿರಲಿಲ್ಲ!

ತಜ್ಞರ "ಗೊತ್ತಿಲ್ಲ" ಅನ್ನೋ ಉತ್ತರವೂ ಸುದ್ದಿಯೇ. ಅದನ್ನು ಕತ್ತರಿಸಿದರೆ ಓದುಗರು ಚಿಶಮ್ ಅಂತಲೇ ನಂಬಿಬಿಡ್ತಾರೆ. ವರದಿಗಾರರು ಇಡೀ ವರದಿಯನ್ನು ತಜ್ಞರಿಗೆ ತೋರಿಸಬೇಕು ಅಂತ ನಾನು ಹೇಳ್ತಿಲ್ಲ. ಅವರ ಮಾತು ಇರುವ ಸಾಲನ್ನು ಫೋನಿನಲ್ಲಿ ಓದಿ ಹೇಳಿ, ಸಾಕು. ಎರಡು ನಿಮಿಷದ ಕೆಲಸ.

ನಾನಾಗಿದ್ದರೆ ಈ ಹೆಡ್‌ಲೈನ್ ಕೊಡ್ತಿದ್ದೆ:

[ತೆರೆಯ ಮೇಲೆ: "ಜೌಗಿನಲ್ಲಿ ಸಿಕ್ಕ ಟಾರ್ಟಾನ್‌ಗೆ ಸುಮಾರು 400ರಿಂದ 500 ವರ್ಷ, ಯಾರದ್ದು ಗೊತ್ತಿಲ್ಲ"]