ಎಲ್ಲುಂಡ್ರಪ್ಪಾ?

(ಕ್ಷೇತ್ರಕಾರ್ಯಕ್ಕೆ ಹೊರಟ ವಿದ್ಯಾರ್ಥಿಗಳ ಮುಂದೆ ಮಂಡ್ಯದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ನನ್ನ ಪರಿಚಯಕ್ಕೇ 10 ನಿಮಿಷ ಹೋಯ್ತು. ಅದನ್ನ ನನ್ನ ಲೆಕ್ಕಕ್ಕೆ ಹಿಡೀಬೇಡಿ.

ನಿಮ್ಮ ಪ್ರಶ್ನಾವಳಿ ನೋಡಿದೆ. 32 ಪ್ರಶ್ನೆ. ಮೊದಲನೇದೇ ‘ಪ್ರವಾಸಿಗರು ಎಷ್ಟು ಜನ ಬರುತ್ತಾರೆ?’ ತಲೆ ಎಣಿಸೋದು ಗೇಟಲ್ಲಿ ಟಿಕೆಟ್ ಹರಿಯೋರ ಕೆಲಸ. ಬಂದವರ ದುಡ್ಡಲ್ಲಿ ಊರಲ್ಲಿ ಉಳಿದದ್ದೆಷ್ಟು? ಇದನ್ನ ಕೇಳಿ.

ಇದು ನನಗೆ ಹೊಳೆದದ್ದಲ್ಲ, ಬೈಸ್ಕೊಂಡು ಕಲಿತದ್ದು. ಸುಮಾರು ವರ್ಷದ ಹಿಂದೆ ಹುಡುಗರನ್ನ ಕರಕೊಂಡು ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆ. ಊರು ನಿಮಗೆ ಗೊತ್ತಿರೋದೇ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಎಲ್ಲಾ ಬಂದು ಮನೆ ಮುಂದಿನ ಹುಣಸೇಮರದಲ್ಲೇ ಗೂಡು ಕಟ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಮಕ್ಕಳು ಅಂತಾರೆ ಊರೋರು. ಹಿಕ್ಕೆ ಹೊಲಕ್ಕೆ ಗೊಬ್ಬರ ಆಗ್ತದೆ ನಿಜ, ಆದ್ರೆ ಗೂಡಿರೋ ಮರದ ಹುಣಸೇಹಣ್ಣಿನ ಆಸೆ ಬಿಡಬೇಕು. 2007ರಲ್ಲಿ ಅದನ್ನ ಸಮುದಾಯ ಮೀಸಲು ಪ್ರದೇಶ ಅಂತ ಸರ್ಕಾರ ಘೋಷಿಸ್ತು. ಅಷ್ಟೊತ್ತಿಗೆ ಊರೋರು ಆ ಕೆಲಸ ಎಷ್ಟೋ ತಲೆಮಾರಿಂದ ಮಾಡ್ತಾನೇ ಇದ್ರು.

ನಮ್ಮ ಹುಡುಗರು ಜಗಲಿ ಮೇಲೆ ಕೂತಿದ್ದ ಒಬ್ಬ ಅಜ್ಜೀನ ಹಿಡಕೊಂಡ್ರು. ‘ಅಜ್ಜಿ, ಪ್ರವಾಸೋದ್ಯಮದಿಂದ ನಿಮ್ಮ ಆದಾಯ ಹೆಚ್ಚಿದೆಯಾ? ಹೌದು, ಇಲ್ಲ, ಹೇಳಲಾರೆ.’ ಅಜ್ಜಿ ಎಲೆಅಡಿಕೆ ಮೆಲ್ಲುತ್ತಾ ಕೇಳಿದ್ರು: ‘ಮಧ್ಯಾಹ್ನ ಎಲ್ಲುಂಡ್ರಪ್ಪಾ?’ ಬಸ್ಸಲ್ಲಿ, ಅಂದ ಹುಡುಗ. ಮೈಸೂರಿಂದ ಪುಳಿಯೋಗರೆ ಪೊಟ್ಟಣ ಕಟ್ಟಿಸ್ಕೊಂಡಿದ್ವಿ, ನೀರಿನ ಬಾಟ್ಲಿ ಸಮೇತ. ‘ಕಾಗದ ಎಲ್ಲಿ ಎಸೆದ್ರಿ?’ ಹುಡುಗ ನನ್ನ ಮುಖ ನೋಡ್ದ. ನಾನು ಮರದ ಮೇಲಿನ ಕೊಕ್ಕರೆ ನೋಡ್ದೆ. ‘ಹಂಗಾದ್ರೆ ಹೇಳಲಾರೆ ಅಂತ ಬರ್ಕೋ’ ಅಂದ್ರು ಅಜ್ಜಿ.

ನಮ್ಮ ಅಷ್ಟೂ ವರದಿಯಲ್ಲಿ ಸರಿಯಾಗಿದ್ದ ಉತ್ತರ ಅದೊಂದೇ. (ನಗು)

ಬೃಂದಾವನಕ್ಕೂ ಇದೇ ಲೆಕ್ಕ. ಕಾರಂಜಿಯ ದೀಪ ಆರಿದ್ದೇ ತಡ, ಬಸ್ಸು ಮೈಸೂರಿಗೆ. ಕನ್ನಂಬಾಡಿಯವರಿಗೆ ಉಳಿಯೋದು ಟ್ರಾಫಿಕ್ಕು. 2023ರಲ್ಲಿ 118 ಕಿಲೋಮೀಟರಿನ ಬೆಂಗಳೂರು-ಮೈಸೂರು ದಶಪಥ ಬಂತು. ಸುಮ್ನೆ ಬೈಯಲ್ಲ, ಇವತ್ತು ನಾನೂ ಅದರಲ್ಲೇ ಬಂದೆ, ಬೇಗ ಬಂದೆ. ಆದ್ರೆ ಮದ್ದೂರಲ್ಲಿ ಇಳಿದು ವಡೆ ತಿನ್ನಲಿಲ್ಲ. ಹಳೇ ರಸ್ತೆಯ ಹೋಟೆಲಿನೋರು, ಎಳನೀರಿನೋರು, ಕಡ್ಲೆಕಾಯಿ ಮಾರೋರು, ಅವರನ್ನ ಕೇಳಿ ಬನ್ನಿ. ಆಲೆಮನೆಗೆ ಹೋದ್ರೆ ಬೆಲ್ಲದ ಮುಂದೆ ಸೆಲ್ಫಿ ತಗೊಂಡು ಬರೋದಲ್ಲ, ಎರಡು ಅಚ್ಚು ಕೊಂಡ್ಕೊಂಡು ಬನ್ನಿ.

ಚೀಟಿ ಬಂತು. ಇನ್ನು ಉಳಿದದ್ದು 5 ನಿಮಿಷ ಅಂತೆ. ಸೋಮನಾಥಪುರದ್ದು ದೊಡ್ಡ ಕಥೆ ಇತ್ತು: 13ನೇ ಶತಮಾನದ ದೇವಸ್ಥಾನ, 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು. ಬಂದವರು ಗುಡಿ ನೋಡ್ತಾರೆ, ಊರು ನೋಡಲ್ಲ. ಅಷ್ಟಕ್ಕೇ ನಿಲ್ಲಿಸ್ತೀನಿ. ಮೇಲುಕೋಟೆ, ರಂಗನತಿಟ್ಟು ಎರಡೂ ನಿಮಗೇ ಬಿಟ್ಟೆ.

ಒಂದೇ ಕೆಲಸ ಹೇಳ್ತೀನಿ. 32 ಪ್ರಶ್ನೇನ 6ಕ್ಕೆ ಇಳಿಸಿ. ವರದಿ ಕನ್ನಡದಲ್ಲಿ ಬರೀರಿ, ಅದೇ ಊರಿನ ಅರಳೀಕಟ್ಟೆ ಮೇಲೆ ಕೂತು ಓದಿ. ಊಟ ಊರಲ್ಲೇ ಮಾಡಿ. ತಲೆಗೆಷ್ಟು ಅಂತ ಮಾತ್ರ ಕೇಳಬೇಡಿ, ಮುದ್ದೆ ಇಕ್ಕಿದ ಕೈಗೆ ದುಡ್ಡು ನೀಡಿದ್ರೆ ಬೈತಾರೆ. ಬೈಸ್ಕೊಳ್ದೆ ಅದನ್ನ ಹೇಗೆ ತಲುಪಿಸೋದು? ನನಗಿನ್ನೂ ಬಗೆಹರಿದಿಲ್ಲ. ನಿಮ್ಮ ಮೊದಲ ಫೀಲ್ಡ್‌ವರ್ಕ್ ಅದೇ ಆಗಲಿ.