ಜಾಮೀನು ಸಿಕ್ಕ ಸಂಜೆ ಮಾತ್ರೆ ಕೊಡುವವರು ಯಾರು?

[ದೃಶ್ಯ: ಮುಸ್ಸಂಜೆ. ಜೈಲಿನ ದೊಡ್ಡ ಬಾಗಿಲೊಳಗಿನ ಕಿರುಬಾಗಿಲು ತೆರೆಯುತ್ತದೆ. ಪ್ಲಾಸ್ಟಿಕ್ ಚೀಲ ಹಿಡಿದ ಒಬ್ಬಾತ ಹೊರಬರುತ್ತಾನೆ.]

ನಿರೂಪಕಿ: ನಮಸ್ಕಾರ. ಇದು ನಾವು ಕಲ್ಪಿಸಿಕೊಂಡ ದೃಶ್ಯ. ಈತನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಹಳೆಯ ಮೊಬೈಲ್, ನ್ಯಾಯಾಲಯದ ಕಾಗದ ಇವೆ. ಒಳಗಿದ್ದಾಗ ಪ್ರತಿ ರಾತ್ರಿ ನುಂಗುತ್ತಿದ್ದ ಮಾತ್ರೆ ಮಾತ್ರ ಇಲ್ಲ. ಅದರ ಹೆಸರೂ ಅವನಿಗೆ ತಿಳಿಯದು.

ಇಂಥವರು ಎಲ್ಲೋ ಒಬ್ಬಿಬ್ಬರು ಎಂದುಕೊಳ್ಳಬೇಡಿ. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ವೈದ್ಯರು ಐದು ಸಾವಿರಕ್ಕೂ ಹೆಚ್ಚು ಬಂದಿಗಳನ್ನು ಪರೀಕ್ಷಿಸಿದ್ದರು. ಆ ವರದಿ 2011ರಲ್ಲಿ ಹೊರಬಂತು. ವ್ಯಸನದ ಲೆಕ್ಕವನ್ನು ಬದಿಗಿಟ್ಟರೂ ನೂರರಲ್ಲಿ 27ಕ್ಕೂ ಹೆಚ್ಚು ಮಂದಿಗೆ ಮಾನಸಿಕ ಕಾಯಿಲೆ ಇತ್ತು.

[ಪರದೆಯ ಮೇಲೆ: ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017]

ಕಾನೂನು ಇವರನ್ನು ಮರೆತಿಲ್ಲ. ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸಾ ಘಟಕ ಇರಬೇಕೆಂದು 103ನೇ ಕಲಂ ಹೇಳುತ್ತದೆ. ಮಾನಸಿಕ ಆಸ್ಪತ್ರೆಯಿಂದ ರೋಗಿಯನ್ನು ಮನೆಗೆ ಕಳುಹಿಸುವ ಮೊದಲು ಮುಂದಿನ ಚಿಕಿತ್ಸೆ ಹೇಗೆಂದು ಅವರೊಡನೆ ಕೂತು ಗೊತ್ತುಮಾಡಬೇಕೆಂದು 98ನೇ ಕಲಂ ಹೇಳುತ್ತದೆ.

ತೊಡಕು ಇರುವುದು ಇಲ್ಲಿ. ಆಸ್ಪತ್ರೆಯಿಂದ ರೋಗಿಯನ್ನು ಕಳುಹಿಸುವ ದಿನ ಸಾಮಾನ್ಯವಾಗಿ ವೈದ್ಯರಿಗೆ ಮೊದಲೇ ಗೊತ್ತಿರುತ್ತದೆ. ಜೈಲಿನಿಂದ ಬಿಡುವ ದಿನ ವೈದ್ಯರ ಕೈಯಲ್ಲಿಲ್ಲ. ಶಿಕ್ಷೆಯಾದವರ ಬಿಡುಗಡೆಯ ದಿನವನ್ನಾದರೂ ಅಂದಾಜು ಮಾಡಬಹುದು. ಆದರೆ 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು, ಅಂದರೆ ನಾಲ್ವರಲ್ಲಿ ಮೂವರು. ಅವರ ಜಾಮೀನು ಆದೇಶ ಯಾವ ದಿನ ಬರುತ್ತದೋ ಯಾರಿಗೂ ತಿಳಿಯದು. ಬಂದ ಮೇಲೆ ತಡೆದು ನಿಲ್ಲಿಸುವಂತಿಲ್ಲ, ನಿಲ್ಲಿಸಲೂಬಾರದು. ಆ ಹೊತ್ತಿಗೆ ಜೈಲಿನ ವೈದ್ಯರು ಮನೆ ಸೇರಿರಬಹುದು, ಔಷಧ ಕೋಣೆಗೆ ಬೀಗ ಬಿದ್ದಿರಬಹುದು.

[ದೃಶ್ಯ: ಬಸ್ ನಿಲ್ದಾಣದ ಬೆಂಚಿನ ಮೇಲೆ ಅದೇ ವ್ಯಕ್ತಿ.]

ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಮೂಡಿಸುವ ಸ್ಕಿಜೋಫ್ರೇನಿಯಾ, ಅತಿ ಹುರುಪು ಮತ್ತು ಅತಿ ಬೇಸರ ಸರದಿಯಲ್ಲಿ ಬರುವ ಬೈಪೋಲಾರ್‌ನಂಥ ಕಾಯಿಲೆಗಳಲ್ಲಿ ಮಾತ್ರೆ ಥಟ್ಟನೆ ನಿಂತರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಹಲವರಲ್ಲಿ ಮೊದಲು ಕೆಡುವುದು ನಿದ್ದೆ. ಆಮೇಲೆ ಅನುಮಾನ, ಸಿಟ್ಟು, ಮನೆಯವರೊಡನೆ ಜಗಳ. "ಜೈಲಿಗೆ ಹೋಗಿ ಬಂದು ಹೀಗಾದ" ಎಂದು ಊರು ಆಡಿಕೊಳ್ಳುತ್ತದೆ. ಮಾತ್ರೆ ತಪ್ಪಿದ್ದನ್ನು ಯಾರೂ ಕೇಳುವುದಿಲ್ಲ. ನನಗೆ ಅತಿಯಾಗಿ ನೋವು ಕೊಡುವುದು ಇದೇ. ಮುಂದಿನ ವಿಚಾರಣೆಯ ದಿನ ತಪ್ಪಿದರೆ ವಾರಂಟ್ ಹೊರಡುತ್ತದೆ, ಮತ್ತೆ ಅದೇ ಕಿರುಬಾಗಿಲು.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ ಮೂವತ್ತು ಸಾವಿರ ಮಂದಿಯ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಅಪಾಯ ಉಳಿದ ಜನರಿಗಿಂತ 12.7 ಪಟ್ಟು ಹೆಚ್ಚಿತ್ತು. ಮುಖ್ಯ ಕಾರಣ, ಮಾದಕ ವಸ್ತುವಿನ ಅತಿಸೇವನೆ. ಅಲ್ಲಿನ ಮಾದಕ ವಸ್ತುಗಳ ಹಾವಳಿ ಬೇರೆ ಬಗೆಯದು, ಆ ಅಂಕಿಯನ್ನು ನಮ್ಮೂರಿಗೆ ಹಾಗೆಯೇ ಹೊಂದಿಸಲಾಗದು. ಆದರೂ ಮೊದಲ ಹದಿನೈದು ದಿನ ಎಷ್ಟು ನಾಜೂಕು ಎಂಬುದನ್ನು ಅದು ತೋರಿಸುತ್ತದೆ.

ಆದ್ದರಿಂದ ಬಿಡುಗಡೆಯ ಸಿದ್ಧತೆ ಜೈಲಿಗೆ ಸೇರಿದ ದಿನವೇ ಶುರುವಾಗಬೇಕು ಎಂಬುದು ನನ್ನ ವಾದ. ಕಾಯಿಲೆಯ ಹೆಸರು, ಮಾತ್ರೆ, ಪ್ರಮಾಣ, ಊರಿಗೆ ಹತ್ತಿರದ ಆಸ್ಪತ್ರೆ, ಇಷ್ಟನ್ನು ಬರೆದ ಒಂದು ಚೀಟಿ ಕಡತದಲ್ಲಿ ಸದಾ ತಯಾರಿರಲಿ. ಜೊತೆಗೆ ಎರಡು ವಾರದ ಮಾತ್ರೆಗಳ ಪೊಟ್ಟಣ. ಆದೇಶ ರಾತ್ರಿ ಎಂಟಕ್ಕೆ ಬಂದರೂ ಬಾಗಿಲಲ್ಲಿರುವ ಸಿಬ್ಬಂದಿ ಅದನ್ನು ಕೈಗಿಡಬಹುದು.

[ಪರದೆಯ ಮೇಲೆ: ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 14416]

ನಿಮ್ಮ ಮನೆಯವರು ಒಳಗಿದ್ದರೆ, ಭೇಟಿಗೆ ಹೋದಾಗ ಮಾತ್ರೆಯ ಹೆಸರು ಕೇಳಿ ಬರೆದುಕೊಳ್ಳಿ. ವಕೀಲರಿಗೂ ತಿಳಿಸಿ. ಜಾಮೀನಿನ ಹಣಕ್ಕೆ ದಾರಿಯಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಬಡ ಬಂದಿಗಳಿಗಾಗಿ ಕೇಂದ್ರದ ಯೋಜನೆಯೊಂದಿದೆ, ವಿಚಾರಣಾಧೀನರಿಗೂ ಅದರಿಂದ ಹಣದ ನೆರವು ಸಿಗಬಹುದು.

ಅವರು ಮನೆಗೆ ಬಂದ ರಾತ್ರಿ ಪ್ರಶ್ನೆಗಳ ಮಳೆ ಸುರಿಸಬೇಡಿ. ಊಟ ಬಡಿಸಿ, ಮಲಗಲು ಬಿಡಿ. ನಿದ್ದೆ ಬಾರದೆ ಚಡಪಡಿಸಿದರೆ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ. ಬೆಳಗಾದ ಮೇಲೆ ನೀವು ಮಾತ್ರೆಯ ಹೆಸರು ಬರೆದುಕೊಂಡ ಚೀಟಿ ಹಿಡಿದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ನೀವೂ ಜೊತೆಗೆ ಹೋಗಿ.