ಸ್ಪೀಕರ್ ಎಲ್ಲಿಟ್ಟಿದ್ದೀರಿ?

ಎಲ್ಲರಿಗೂ ನಮಸ್ಕಾರ. ಒಳ್ಳೆಯ ಗಾಯನ ಯಾವುದು ಅಂತ ಪುಣೆಯ ಕನ್ನಡಿಗರಿಗೆ ನಾನು ಹೇಳಬೇಕಾಗಿಲ್ಲ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಅವರ ಶಿಷ್ಯ, ನಮ್ಮ ಗದಗ ಕಡೆಯ ಭೀಮಸೇನ ಜೋಶಿಯವರು 1953ರಲ್ಲಿ ಶುರು ಮಾಡಿದ ಉತ್ಸವ ಇದೇ ಊರಿನದು. ಡಿಸೆಂಬರ್ ಚಳಿಯಲ್ಲಿ ಶಾಲು ಹೊದ್ದು ಕೂತು ಕೇಳುವವರು ನೀವು. ಅಂಥ ಕಿವಿ ಇರುವವರು ಮನೆಯಲ್ಲಿ ಲ್ಯಾಪ್‌ಟಾಪ್‌ಗೆ ಸ್ಪೀಕರ್ ಹಾಕಿಕೊಂಡು ಕೇಳುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಒಂದು ಪ್ರಿಂಟರ್ ಹಿಂದೆ, ಇನ್ನೊಂದು ಕಿಟಕಿ ಕಟ್ಟೆ ಮೇಲೆ. ಆಮೇಲೆ "ಇದು ಚೆನ್ನಾಗಿಲ್ಲ, ಯಾವುದು ಕೊಳ್ಳಲಿ?" ಅಂತ ಕೇಳುತ್ತೀರಿ.

ಕೊಳ್ಳಬೇಡಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ತಪಕೀರ್ ಗಲ್ಲಿಗೆ ಓಡಬೇಡಿ. ಮೊದಲು ಇರುವುದನ್ನು ಸರಿಯಾದ ಜಾಗದಲ್ಲಿ ಇಡಿ. ನಾನು ಹೇಳಲು ಬಂದಿರುವುದು ಇದೊಂದೇ.

ಕೋಥ್ರೂಡ್‌ನಲ್ಲಿ ನನಗೆ ಬೇಕಾದ ಒಬ್ಬ ಕಾಕಾ ಇದ್ದಾರೆ. ಧಾರವಾಡದವರು. ಮಗ ಲ್ಯಾಪ್‌ಟಾಪ್ ಕೊಡಿಸಿ, ಎರಡು ಮರದ ಪೆಟ್ಟಿಗೆಯ ಸ್ಪೀಕರ್ ಜೋಡಿಸಿ ಹೋಗಿದ್ದ. ಒಂದು ದಿನ ಫೋನ್ ಮಾಡಿದರು. "ತಂಬೂರಿನೇ ಕೇಳಿಸವಲ್ದಪಾ. ದನಿ ಎಲ್ಲಿಂದ ಬರ್ತದೋ ತಿಳೀವಲ್ದು. ದೊಡ್ಡ ಸ್ಪೀಕರ್ ತರಸಾಕತ್ತೀನಿ." ತಡೀರಿ ಕಾಕಾ, ಅರ್ಧ ಗಂಟೆಯಲ್ಲಿ ಬಂದೆ ಅಂದೆ.

ಹೋಗಿ ನೋಡಿದರೆ ಒಂದು ಸ್ಪೀಕರ್ ತಿಜೋರಿ ಮೇಲೆ, ಸೂರಿಗೆ ಹತ್ತಿರ. ಇನ್ನೊಂದು ಮೇಜಿನ ಮೂಲೆಯಲ್ಲಿ, ಗೋಡೆಗೆ ಒತ್ತಿಕೊಂಡು, ಮುಂದೆ ಔಷಧಿ ಡಬ್ಬಿಗಳು. ಕೆಳಗಿನ ನಾದ, ಅಂದರೆ ತಗ್ಗು ಸ್ವರ, ಹೆಚ್ಚಿಸುವ ಬೇಸ್ ಗುಂಡಿ ಪೂರ್ತಿ ತಿರುಗಿಸಿಟ್ಟಿದ್ದರು. ಕಾಕಾಗೆ ಒಂದು ಸುತಳಿ ಕೇಳಿದೆ. ಯಾಕೆ ಅಂದರು. ಕೊಡಿ, ಹೇಳ್ತೀನಿ ಅಂದೆ.

ಸುತಳಿಯಲ್ಲಿ ಎರಡು ಮೊಳ ಅಳೆದು ಗಂಟು ಹಾಕಿದೆ. ಎರಡೂ ಸ್ಪೀಕರ್ ಮೇಜಿನ ಮೇಲೆ ತಂದು, ನಡುವೆ ಅಷ್ಟೇ ಅಂತರ ಬಿಟ್ಟೆ. ಕಾಕಾರನ್ನು ಕುರ್ಚಿಯಲ್ಲಿ ಕೂರಿಸಿ, ಎಡಗಡೆಯದರಿಂದ ಅವರ ತಲೆಗೆ ಎರಡು ಮೊಳ, ಬಲಗಡೆಯದರಿಂದಲೂ ಎರಡು ಮೊಳ. ಮೂರೂ ಬದಿ ಸಮ. ಗೋಡೆಯಿಂದ ಒಂದು ಗೇಣು ಮುಂದೆ ಎಳೆದೆ. ಗೋಡೆಗೆ ಅಂಟಿದರೆ ಕೆಳಗಿನ ನಾದ ದಪ್ಪವಾಗಿ ಗುಂಯ್ ಅನ್ನುತ್ತದೆ, ಮೂಲೆಯಲ್ಲಿ ಇನ್ನೂ ಜಾಸ್ತಿ.

ಆಮೇಲೆ ಎರಡರ ಕೆಳಗೂ ದಪ್ಪ ಪುಸ್ತಕ ಇಟ್ಟು ಎತ್ತರಿಸಿದೆ. ಪೆಟ್ಟಿಗೆಯ ಮೇಲ್ಭಾಗದಲ್ಲಿ ಸಣ್ಣದೊಂದು ಗುಂಡನೆಯದು ಇರುತ್ತದೆ ನೋಡಿ, ಟ್ವೀಟರ್. ಅದು ನಿಮ್ಮ ಕಿವಿಯ ಎತ್ತರಕ್ಕೆ ಬರಬೇಕು, ಕಿವಿಯ ಕಡೆಗೇ ತಿರುಗಿರಬೇಕು. ಕೆಳಗಿನ ನಾದ ನೀರಿನ ಹಾಗೆ ಎಲ್ಲ ಕಡೆ ಹರಡುತ್ತದೆ. ಮೇಲಿನದು ಹಾಗಲ್ಲ, ಟಾರ್ಚ್ ಬೆಳಕಿನ ಹಾಗೆ ನೆಟ್ಟಗೆ ಹೋಗುತ್ತದೆ. ತಂಬೂರಿಯ ಜವಾರಿ, ಆ ಝೇಂಕಾರ ಇದೆಯಲ್ಲ, ಅದು ಈ ಮೇಲಿನ ನಾದದಲ್ಲೇ ಇರುವುದು. ಟ್ವೀಟರ್ ನಿಮ್ಮ ಹೊಟ್ಟೆಯನ್ನು ನೋಡುತ್ತಿದ್ದರೆ ಝೇಂಕಾರ ಹೊಟ್ಟೆಗೆ ಹೋಗುತ್ತದೆ. ಕಿವಿಗೆ ಹೇಗೆ ಬರಬೇಕು?

ಇಷ್ಟಾದರೂ ಡಗ್ಗಾ, ತಬಲಾ ಜೋಡಿಯ ದಪ್ಪ ದನಿಯದು, ಸಪ್ಪಗಿತ್ತು. ಹಿಂದೆ ಬಗ್ಗಿ ನೋಡಿದೆ. ಒಂದು ಸ್ಪೀಕರ್‌ಗೆ ಕೆಂಪು ತಂತಿಯ ಜಾಗದಲ್ಲಿ ಕಪ್ಪು, ಕಪ್ಪಿನ ಜಾಗದಲ್ಲಿ ಕೆಂಪು! ಹೀಗಾದಾಗ ಒಂದು ಸ್ಪೀಕರ್ ಗಾಳಿಯನ್ನು ಮುಂದೆ ನೂಕುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ಎರಡೂ ಸೇರಿ ಕೆಳಗಿನ ನಾದವನ್ನೇ ಅಳಿಸಿಬಿಡುತ್ತವೆ. ಹಾಡುವವರ ದನಿಗೂ ಒಂದು ಜಾಗ ಅಂತ ಇರುವುದಿಲ್ಲ. ತಂತಿ ಬದಲಿಸಿದೆ, ಬೇಸ್ ಗುಂಡಿಯನ್ನು ನಡುವಿಗೆ ತಂದೆ, ಕಾಕಾ ಕೇಳುತ್ತಿದ್ದ ಯಮನ್ ರಾಗವನ್ನೇ ಮತ್ತೆ ಹಾಕಿದೆ.

ಕಾಕಾ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ಎರಡು ತಂಬೂರಿ ಅದಾವಲ್ಲೋ! ಆಕಡೆ ಒಂದು, ಈಕಡೆ ಒಂದು." ಗಾಯಕರು ಲ್ಯಾಪ್‌ಟಾಪ್ ಪರದೆಯ ನಟ್ಟನಡುವೆ ಕೂತು ಹಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಅಲ್ಲಿ ಸ್ಪೀಕರೇ ಇಲ್ಲ! ಒಂದು ರೂಪಾಯಿ ಖರ್ಚಾಗಲಿಲ್ಲ. ದೊಡ್ಡ ಸ್ಪೀಕರ್ ಮಾತು ಕಾಕಾ ಮತ್ತೆ ಎತ್ತಲಿಲ್ಲ.

ನಿಮ್ಮಲ್ಲಿ ಸರಿ ಇದೆಯೋ ಇಲ್ಲವೋ ನೋಡಲು ಹಳೆಯ ಮೋನೋ ಧ್ವನಿಮುದ್ರಣ ಹಾಕಿ. ಸವಾಯಿ ಗಂಧರ್ವರ ಕಾಲದ್ದೆಲ್ಲ ಮೋನೋ. ಎರಡೂ ಕಡೆ ಒಂದೇ ನಾದ ಬರುವುದರಿಂದ ದನಿ ನಡುವೆ, ಒಂದೇ ಬಿಂದುವಿನಲ್ಲಿ ನಿಲ್ಲಬೇಕು. ಎಡಕ್ಕೋ ಬಲಕ್ಕೋ ವಾಲಿದರೆ ಮೊದಲು ಸುತಳಿ ಹಿಡಿದು ಅಳೆಯಿರಿ.

ಸಮಯ ಕಡಿಮೆ ಉಳಿದಿದೆ, ಮಿಕ್ಕಿದ್ದು ಬೇಗ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ಆಡಿಯೋ ಎನ್‌ಹಾನ್ಸ್‌ಮೆಂಟ್ ಅಂತ ಇದ್ದರೆ ಆಫ್ ಮಾಡಿ. ಹಾಡಿನ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಎಲ್ಲಕ್ಕಿಂತ ಮೇಲಿನ ಕ್ವಾಲಿಟಿ ಆರಿಸಿ. ಲ್ಯಾಪ್‌ಟಾಪ್‌ನ ವಾಲ್ಯೂಮ್ ಹೆಚ್ಚು ಕಡಿಮೆ ಪೂರ್ತಿ ಇಟ್ಟು, ಸ್ಪೀಕರ್‌ನ ಗುಂಡಿಯಿಂದ ತಗ್ಗಿಸಿಕೊಳ್ಳಿ, ಹಿಂದಿನ ಸುಯ್ ಸದ್ದು ಕಡಿಮೆಯಾಗುತ್ತದೆ. ಗುಂಯ್ ಅನ್ನುತ್ತಿದ್ದರೆ ಚಾರ್ಜರ್ ತೆಗೆದು ಕೇಳಿ. ಆಗ ನಿಂತರೆ ತಪ್ಪು ಸ್ಪೀಕರ್‌ನದಲ್ಲ, ಚಾರ್ಜರ್ ದಾರಿಯಿಂದ ಬರುವ ಸದ್ದು. ಬೇರೆ ಸ್ಪೀಕರ್ ಇಲ್ಲದೆ ಲ್ಯಾಪ್‌ಟಾಪ್‌ನಲ್ಲೇ ಕೇಳುವವರು ಅದನ್ನು ಹಾಸಿಗೆ ಮೇಲೆ ಇಡಬೇಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸ್ಪೀಕರ್ ಕೆಳಗಡೆ ಇರುತ್ತದೆ, ಹಾಸಿಗೆ ಅದರ ಬಾಯಿ ಮುಚ್ಚುತ್ತದೆ. ಮರದ ಮೇಜಿನ ಮೇಲೆ ಇಡಿ. ಅಲ್ಲೂ ಜಾಗದ್ದೇ ಮಾತು, ಅಲ್ವಾ?

ಇಷ್ಟೆಲ್ಲ ಮಾಡಿದ ಮೇಲೂ ಕೊಳ್ಳಲೇಬೇಕು ಅನ್ನಿಸಿದರೆ ಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಗಂಟು ಹಾಕಿದ ಸುತಳಿಯನ್ನು ಮೇಜಿನ ಖಾನೆಯಲ್ಲೇ ಇಟ್ಟುಕೊಳ್ಳಿ. ಮನೆಯಲ್ಲಿ ಯಾರಾದರೂ ಮೇಜು ಒರೆಸಿದರೆ ಸ್ಪೀಕರ್ ಸರಿದಿರುತ್ತದೆ, ಆಗ ಮತ್ತೆ ಬೇಕಾಗುತ್ತದೆ. ನಮಸ್ಕಾರ.